ಎದುರುಮನೆಗೊಂದು ಬೀಗದ ಕೈ

ನನ್ನ ಅಮ್ಮ ಇದುವರೆಗೆ ಒಮ್ಮೆಯೂ ಬಿದ್ದಿಲ್ಲ. ಆದರೆ ಈ ನಾಲ್ಕು ತಿಂಗಳಲ್ಲಿ ನಾನು ಅವಳನ್ನು ಮನಸ್ಸಿನಲ್ಲೇ ಅರುವತ್ತು ಸಲವಾದರೂ ಬೀಳಿಸಿದ್ದೇನೆ. ಬಚ್ಚಲಲ್ಲಿ, ಸೌನಾದ ಹಬೆಕೋಣೆಯಲ್ಲಿ, ಬಾಲ್ಕನಿಯ ಹೂಕುಂಡಕ್ಕೆ ನೀರು ಹಾಕುವಾಗ. (ಮಗುವಿಗೆ ಹಾಲೂಡಿಸುತ್ತ ಕೂತವಳಿಗೆ ಬೇರೇನು ಕೆಲಸ?) ನಾಲ್ಕು ತಿಂಗಳ ಹಿಂದೆ ಸೊಂಟದ ಆಪರೇಷನ್ ಆದ ಎಪ್ಪತ್ತಮೂರರ ಹೆಂಗಸು, ತಾಂಪೆರೆ ಊರಿನ ಹಿರಿಯರ ವಸತಿಯ ಮೂರನೇ ಮಹಡಿಯಲ್ಲಿ ಒಬ್ಬಳೇ. ನಾನೋ ಎರಡು ಬಸ್ಸು ದೂರದಲ್ಲಿ, ಏಳು ತಿಂಗಳ ಮಗಳು ಹಿಲ್ಲಾಳ ಜೊತೆ. ಅಮ್ಮನ ಮನೆಯ ಒಂದು ಬೀಗದ ಕೈ ಎದುರುಮನೆಯವರ ಬಳಿ ಇರಲೇಬೇಕೆಂದು ನಿರ್ಧರಿಸಿದೆ.

ಅಡ್ಡಿ ಒಂದೇ. ಎದುರುಮನೆಯಲ್ಲಿ ಇದ್ದದ್ದು ಟೊಲ್ಪನೆನ್.

ನಿವೃತ್ತ ರೈಲು ಚಾಲಕರು. ಮೂರು ವರ್ಷದಲ್ಲಿ ಅಮ್ಮನನ್ನು ನೋಡಿ ತಲೆಯಾಡಿಸಿದವರೂ ಅಲ್ಲ. ಅಮ್ಮನ ಬಾಗಿಲು ಕಿರ್ರೆಂದರೆ ಸಾಕು, ಅವಳು ಲಿಫ್ಟ್ ಹತ್ತಿ ಇಳಿದುಹೋಗುವವರೆಗೆ ತಮ್ಮ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುವ ಮಹಾಶಯರು.

"ಬಿಡೇ ಸಾನಾ, ಅವರ ಪಾಡಿಗೆ ಅವರಿದ್ದಾರೆ," ಎಂದಳು ಅಮ್ಮ.

"ನೀನು ಬಿದ್ರೆ?"

"ಬಿದ್ರೆ ಏಳ್ತೀನಿ."

ಇಂಥವಳ ಜೊತೆ ವಾದಿಸಿ ಫಲವಿಲ್ಲ. ದಾಲ್ಚಿನ್ನಿ ಬನ್ನು ಬೇಯಿಸಿಕೊಂಡು ಹೋಗಿ ಟೊಲ್ಪನೆನ್ ಮನೆಯ ಗಂಟೆ ಒತ್ತಿದೆ. ಬಾಗಿಲು ಒಂದು ಗೇಣು ತೆರೆಯಿತು.

"ನಾನಿದನ್ನ ತರಿಸಿಲ್ವಲ್ಲ."

"ತರಿಸಿದ್ದಲ್ಲ, ಪ್ರೀತಿಯಿಂದ ತಂದಿದ್ದು."

"ಯಾಕೆ?"

ಬನ್ನಿನ ಪೊಟ್ಟಣವನ್ನು ಬಾಗಿಲ ಸಂದಿಯಲ್ಲಿ ತೂರಿಸಿದೆ. ಬಾಗಿಲು ಮುಚ್ಚಿತು. (ಬನ್ನು ಮಾತ್ರ ಒಳಗೆ ಹೋಗಿತ್ತು.)

ಮರುವಾರ ದಿಗ್ಬಂಧನ ಹೂಡಿದೆ. ಹಿಲ್ಲಾಳ ತಳ್ಳುಗಾಡಿಯನ್ನು ಲಿಫ್ಟಿಗೆ ಅಡ್ಡವಾಗಿಟ್ಟು ಕಾದೆ. ಕಸದ ಚೀಲ ಹಿಡಿದು ಹೊರಬಂದ ಟೊಲ್ಪನೆನ್ ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು, ಮೆಟ್ಟಿಲ ಕಡೆಗೂ ಆಸೆಯಿಂದ ನೋಡಿದರು. ಅಷ್ಟರಲ್ಲಿ ಹಿಲ್ಲಾ ಅವರ ಕೋಟಿನ ತುದಿಯನ್ನು ಎಳೆದು ಬಾಯಿಗಿಟ್ಟುಕೊಂಡಳು.

"ಹಲ್ಲು ಬರ್ತಿದೆಯಾ ಮಗೂಗೆ?"

ಹಲ್ಲಿನ ಮಾತು ಸೊಂಟಕ್ಕೆ, ಸೊಂಟದ್ದು ಬೀಗಕ್ಕೆ ಬರಲು ಹತ್ತು ನಿಮಿಷ ಸಾಕಾಯಿತು. "ನಿಮಗಾದ್ರೆ ನಾಲ್ಕು ಹೆಜ್ಜೆ, ನನಗೆ ಎರಡು ಬಸ್ಸು!" ಎಂದು ಗೋಗರೆದು ಬೀಗದ ಕೈಯನ್ನೂ ನನ್ನ ಫೋನ್ ನಂಬರನ್ನೂ ಅವರ ಕೈಗೆ ತುರುಕಿದೆ. ಎರಡು ರಾತ್ರಿ ಸುಖವಾಗಿ ಮಲಗಿದೆ.

ಮೂರನೇ ದಿನ ಅಮ್ಮನ ಫೋನು.

"ಏನೇ ಮಾಡಿಟ್ಟೆ? ಅವರು ಗುಡ್ ಮಾರ್ನಿಂಗ್ ಅಂದ್ರು!"

"ಒಳ್ಳೇದೇ ಆಯ್ತಲ್ಲಮ್ಮ."

"ಏನು ಒಳ್ಳೇದು? ನಾನೂ ಹೇಳ್ಬೇಕಾಯ್ತು! ಇವತ್ತು ಹಿಮದ ಮಾತು, ನಾಳೆ ಇನ್ನೇನೋ! ಮೂರು ವರ್ಷ ಎಷ್ಟು ಚೆನ್ನಾಗಿದ್ರು. ಅಂಥ ನೆರೆಯವರು ಸಿಗೋಕೆ ಪುಣ್ಯ ಬೇಕು. ಕೆಡಿಸಿಬಿಟ್ಟೆಯಲ್ಲೇ!"

ಫೋನಿಟ್ಟು ಹತ್ತು ನಿಮಿಷಕ್ಕೆ ಟೊಲ್ಪನೆನ್ ಫೋನು.

"ನೋಡಮ್ಮ, ನಿಮ್ಮ ತಾಯಿ ತಿರುಗಿ ಮಾತಾಡಿಸ್ತಾರೆ. ಸುಮ್ನಿದ್ರೆ ಮರ್ಯಾದೆಯಲ್ಲ. ನನಗೆ ಕಸ ಹಾಕೋಕೂ ಧೈರ್ಯ ಇಲ್ಲ. ಈ ಬೀಗದ ಕೈ ತಗೊಂಡು ಹೋಗಿ."

ನಾನು ಬಗ್ಗುವವಳೇ? "ಒಂದು ಸಲ ಕೂತು ಕಾಫಿ ಕುಡಿದರೆ ಸಂಕೋಚ ಹೋಗತ್ತೆ" ಎಂದು ಇಬ್ಬರನ್ನೂ ಒಪ್ಪಿಸಿ, ಭಾನುವಾರ ಎರಡು ಗಂಟೆಗೆ ಅಮ್ಮನ ಮನೆಯಲ್ಲಿ ಶಾಂತಿ ಸಮ್ಮೇಳನ ಏರ್ಪಡಿಸಿದೆ. ಬಸ್ಸು ತಪ್ಪಿ, ನಾನು ತಲುಪುವಾಗ ಮೂರೂವರೆ. ನನ್ನ ಬಳಿಯಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು ಒಳನುಗ್ಗಿದೆ.

ಇಬ್ಬರೂ ನಗುತ್ತಿದ್ದರು! ನನ್ನನ್ನು ಕಂಡದ್ದೇ ನಗು ನಿಂತಿತು. ಮೇಜಿನ ಮೇಲೆ ಒಂದು ಕಾಗದ.

"ಗಂಟೆ ಒತ್ತದೇ ಬಂದ್ಲು ನೋಡಿ," ಎಂದಳು ಅಮ್ಮ. "ಇದನ್ನೂ ಸೇರಿಸಿಬಿಡಿ."

ಟೊಲ್ಪನೆನ್ ಬರೆದುಕೊಂಡರು. ಕಾಗದ ವಸತಿ ಸಮಿತಿಗೆ: 'ಕೆಳಗೆ ಸಹಿ ಮಾಡಿರುವ ನಾವಿಬ್ಬರು, ಮೂರನೇ ಮಹಡಿಯ ನೆಮ್ಮದಿ ಕೆಡಿಸುತ್ತಿರುವ ಹೊರಗಿನ ವ್ಯಕ್ತಿಯೊಬ್ಬರ ಕುರಿತು...'

"ಯಾರದು ಹೊರಗಿನ ವ್ಯಕ್ತಿ?" ಎಂದು ಗಾಬರಿಯಿಂದ ಕೇಳಿದೆ. (ನಿಜಕ್ಕೂ ಹೊಳೆದಿರಲಿಲ್ಲ.)

"ತಳ್ಳುಗಾಡಿಯವರು," ಎಂದರು ಟೊಲ್ಪನೆನ್, ನೆಲ ನೋಡುತ್ತ.

"ನಾವಿಬ್ರೂ ಒಪ್ಪಂದ ಮಾಡ್ಕೊಂಡಿದ್ದೀವಿ," ಎಂದಳು ಅಮ್ಮ. "ಭಾನುವಾರ ಕಾಫಿ, ಉಳಿದ ದಿನ ಮಾತಿಲ್ಲ. ಬೀಗದ ಕೈ ಅವರ ಹತ್ರಾನೇ ಇರತ್ತೆ. ಈಗ ನಿನ್ನದನ್ನ ಕೊಡು."

"ಅಮ್ಮಾ! ನೀನು ಬಿದ್ರೆ?"

"ಅವರಿಗೆ ನಾಲ್ಕು ಹೆಜ್ಜೆ. ನಿನಗೆ ಎರಡು ಬಸ್ಸು, ಅದೂ ತಪ್ಪತ್ತೆ."

ನಾನು ಕೊಟ್ಟೆ. ನನಗೆ ಬೇಕಾದದ್ದು ಎಲ್ಲವೂ ಆಗಿತ್ತಲ್ಲ, ಇನ್ನೇನು ಹೇಳಲಿ? ಟೊಲ್ಪನೆನ್‌ಗೆ ಪಾಪ ಅನ್ನಿಸಿರಬೇಕು.

"ಬರೋ ಮುಂಚೆ ಫೋನ್ ಮಾಡಮ್ಮ," ಎಂದರು ಮೆತ್ತಗೆ. "ನಾನು ಬಾಗಿಲು ತೆಗೀತೀನಿ."