ಅತ್ತೆಯವರ ಅರ್ಧ ಕತೆಗಳು

ಅಳಿಯನನ್ನು ಹಾವಿನ ಹುತ್ತದ ಮುಂದೆ ನಿಲ್ಲಿಸಿ, "ರೊಟ್ಟಿ ಸೀಯ್ತಾವು" ಎಂದು ಎದ್ದುಹೋಗುವ ಅತ್ತೆಯನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿದ್ದೇನೆ. ಕಂಡಿದ್ದೇನೆ ಎನ್ನುವುದೂ ಪೂರ್ತಿ ಸರಿಯಲ್ಲ. ಅಳಿಯನ ಎದುರು ಕೂಡ್ರಬಾರದೆಂದು ಅವರು ಸದಾ ಅಡುಗೆಮನೆಯ ಬಾಗಿಲ ಹಿಂದಿರುತ್ತಿದ್ದರು! ಹುತ್ತವಿದ್ದದ್ದು ಅವರ ಕತೆಯಲ್ಲಿ. ಬೆವರಿದವನು ಮಾತ್ರ ನಾನು.

ನಾನು ಸಾಂಗಲಿ ಕಡೆಯವನು, ಮನೆಮಾತು ಮರಾಠಿ. ರೋಣದ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದೆ. ಕನ್ನಡನಾಡು ಒಂದಾದ ಮೇಲೆ ಕಚೇರಿಯ ಕಾಗದಗಳೆಲ್ಲ ಕನ್ನಡಕ್ಕೆ ತಿರುಗಿದವು. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಷ್ಟು ಕನ್ನಡ ನನಗೆ ಬರುತ್ತಿತ್ತು. ಓದು ಬರಹ ಮಾತ್ರ ಸೊನ್ನೆ. ಇಲಾಖೆಯ ಕನ್ನಡ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದೆ. ಮೂರನೆಯದೂ ತಪ್ಪಿದರೆ ನೌಕರಿ ಹೋಯಿತೆಂದೇ ತಿಳಿಯಿರಿ ಎಂದರು ಸಾಹೇಬರು. ಅಂದೇ ನನ್ನ ಹೆಂಡತಿ ಗಜೇಂದ್ರಗಡದಲ್ಲಿದ್ದ ತಾಯಿಗೆ ಪತ್ರ ಬರೆದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದ ಅತ್ತೆಯವರು ಒಂದು ಟ್ರಂಕು, ಎರಡು ಕಲ್ಲಿನ ಪಾಟಿ ಹಿಡಿದು ಬಸ್ಸಿಳಿದರು.

ವ್ಯಾಕರಣದ ಸುದ್ದಿಯೇ ಇಲ್ಲ. ಪಾಟಿಯ ಮೇಲೆ ದಿನಕ್ಕೊಂದು ಸಣ್ಣ ಕತೆ ಬರೆದು ಹೊಸ್ತಿಲಾಚೆ ಸರಿಸುವರು. ಅದೂ ಅರ್ಧ! ನಾನು ಗಟ್ಟಿಯಾಗಿ ಓದಬೇಕು, ಉಳಿದರ್ಧ ಬರೆಯಬೇಕು. ಒಂದು ದಿನದ ಕತೆಯಲ್ಲಿ ಸೂಡಿ ಊರಿನ ಮುದುಕಿಯೊಬ್ಬಳು ಹಳ್ಳ ದಾಟುತ್ತಿದ್ದಳು. ನಡುನೀರಿನಲ್ಲಿ ಕಾಲು ಜಾರಿತು. ಅಲ್ಲಿಗೆ ಪಾಟಿ ಮುಗಿಯಿತು!

"ಮುಂದ ಏನಾತ್ರೀ, ಅತ್ತೀ?"

"ನೀವ ಬರೀರಿ. ಬರದ ಮ್ಯಾಲ ಊಟ."

ಹೊಟ್ಟೆ ಚುರುಗುಟ್ಟುತ್ತಿತ್ತು. 'ಮುದುಕಿ ಸತ್ತಳು' ಎಂದು ಗೀಚಿ ಪಾಟಿ ತಳ್ಳಿದೆ.

"ನಿಮಗ ಹಸಿವಾದ್ರ ಮುದುಕೀನ್ನ ಕೊಲ್ತೀರೇನ್ರಿ? ಮೊದಲ ದಂಡಿಗೆ ಹಚ್ರಿ ಆಕೀನ್ನ!"

ಮುದುಕಿ ದಂಡೆ ಸೇರುವ ಹೊತ್ತಿಗೆ ಸಾರು ಆರಿತ್ತು.

ಮತ್ತೊಂದು ದಿನ ಮದುವೆಮನೆಯ ಕತೆ. 'ಅಕ್ಕಿ ತೊಳೆದು ಒಲೆಯ ಮೇಲಿಟ್ಟರು' ಎಂದು ಬರೆಯಹೋಗಿ, ಅಕ್ಕಿಯ ಗುಡಿಸು ಮರೆತು ಪಾಟಿ ತಳ್ಳಿದೆ. ಬಾಗಿಲ ಹಿಂದೆ ಬಳೆ ಸದ್ದಾಯಿತು.

"ಅಳಿಯಂದ್ರ, ಲಗೂನ ಗುಡಿಸು ಹಾಕ್ರಿ. ಅಕ್ಕ ಒಲಿ ಮ್ಯಾಲ ಕುದ್ಯಾಕ್ಹತ್ಯಾಳ!"

ನಗು ಬರುತ್ತಿದೆಯೇ? ನನಗಾಗ ಬರುತ್ತಿರಲಿಲ್ಲ. ಪರೀಕ್ಷೆ ಧಾರವಾಡದಲ್ಲಿ. ಹಿಂದಿನ ದಿನ ನಾನು ಹತ್ತಿದ ಬಸ್ಸು ನರಗುಂದ ಇನ್ನೂ ಒಂದು ಹರದಾರಿ ಇರುವಾಗ ಎರೆಮಣ್ಣಿನಲ್ಲಿ ಹೂತುಕೊಂಡಿತು. ಎಲ್ಲರೂ ಇಳಿದು ನೂಕಿದೆವು. ಅದು ಇನ್ನಷ್ಟು ಕುಸಿಯಿತು.

"ಇವತ್ತ ಇದು ಏಳೂದಿಲ್ರಿ," ಎಂದ ಡ್ರೈವರ್.

ಚೀಲ ಹೆಗಲಿಗೇರಿಸಿ ನಡೆದೆ. ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಇನ್ನೊಂದನ್ನು ನಾನೇ ಎಸೆದೆ. ನರಗುಂದ ಮುಟ್ಟಿದಾಗ ಧಾರವಾಡದ ಕಡೆಯ ಬಸ್ಸು ಹೊರಟೇಬಿಟ್ಟಿತ್ತು. ಕೂಗುತ್ತ ಓಡಿ, ಅದರ ಹಿಂದಿನ ನಿಚ್ಚಣಿಕೆಗೆ ಜೋತುಬಿದ್ದೆ. ಕಂಡಕ್ಟರ್ ಬೈಯುತ್ತಲೇ ಒಳಗೆಳೆದುಕೊಂಡ.

ಮರುದಿನ ಪ್ರಬಂಧದ ವಿಷಯ: ಒಂದು ಪ್ರಯಾಣ. ಕೆಸರು, ಚಪ್ಪಲಿ, ಎಲ್ಲ ಬರೆದೆ. 'ಓಡಿಹೋಗಿ ನಿಚ್ಚಣಿಕೆಗೆ ಕೈ ಹಾಕಿದೆ' ಎಂಬಲ್ಲಿಗೆ ಗಂಟೆ ಹೊಡೆಯಿತು. ಕಾಗದ ಕಸಿದುಕೊಂಡೇಬಿಟ್ಟರು!

ಮನೆಗೆ ಬಂದಾಗ ಬಾಗಿಲ ಹಿಂದಿನಿಂದ ಪ್ರಶ್ನೆ ಬಂತು: "ಪೂರಾ ಬರದ್ರೇನ್ರಿ?"

"ಅರ್ಧಕ್ಕ ನಿಂತೈತ್ರಿ."

"ಇರ್ಲಿ ಬಿಡ್ರಿ. ಪೇಪರ ತಪಾಸ ಮಾಡಾವ್ರೂ ಮುಂದೇನಾತಂತ ಒಂದಿನ ಒದ್ದಾಡ್ಲಿ," ಎಂದರು. ದನಿ ಮಾತ್ರ ಎಂದಿನಂತಿರಲಿಲ್ಲ.

ಮುಂದಿನ ಒಂದು ತಿಂಗಳು ಅವರು ಒಂದು ಕತೆಯನ್ನೂ ಹೇಳಲಿಲ್ಲ. ಟಪಾಲಿನವನು ಓಣಿಗೆ ಬಂದರೆ ಮನೆಯಲ್ಲಿ ಮೂವರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಕೊನೆಗೊಂದು ದಿನ ಸಾಹೇಬರೇ ಕರೆದು ಕಾಗದ ಕೊಟ್ಟರು. ಪಾಸಾಗಿದ್ದೆ! ಹೆಂಡತಿ ಅತ್ತಳು. ಅತ್ತೆಯವರು "ಚಲೋ ಆತು" ಎಂದಷ್ಟೇ ಹೇಳಿದರು.

ಮರುದಿನ ಊಟದ ಹೊತ್ತಿಗೆ ಹೊಸ್ತಿಲಾಚೆಯಿಂದ ಒಂದು ಕಾರ್ಡು ಸರಿದು ಬಂತು. ವಿಳಾಸ ಸಾಂಗಲಿಯ ನನ್ನ ತಾಯಿಯದು. ಸೊಟ್ಟ ಬಾಲಬೋಧ, ಅಂದರೆ ದೇವನಾಗರಿ, ಅಕ್ಷರಗಳಲ್ಲಿ ಒಂದೇ ಸಾಲು ಮರಾಠಿ: 'ಆಮಚಾ ಮುಲಗಾ ಪಾಸ ಝಾಲಾ.'

"ಮಗಳ್ನ ಕೇಳಿ ಕಲ್ತು ಬರದೀನ್ರಿ. ತಪ್ಪಿದ್ರ ತಿದ್ರಿ," ಎಂದರು.

"ಒಂದ ತಪ್ಪೈತ್ರಿ, ಅತ್ತೀ. ನಮ್ಮ ತಾಯಿಗೆ ಬರಿಯೂದಾದ್ರ 'ತುಮಚಾ' ಅನಬೇಕ್ರಿ, ನಿಮ್ಮ ಮಗ ಅಂತ. ನೀವು 'ಆಮಚಾ' ಅಂದೀರಿ. ಅದು ನಮ್ಮ ಮಗ ಅಂತ ಆಗ್ತೈತಿ."

"ಗೊತ್ತೈತ್ರಿ," ಎಂದರು ಅತ್ತೆಯವರು.

ಕಾರ್ಡನ್ನು ಹಾಗೆಯೇ ಟಪಾಲು ಡಬ್ಬಿಗೆ ಹಾಕಿ ಬಂದೆ.