ಮಾರಿಹೋದ ಸೀರೆ ಕಂಪ್ಯೂಟರಿನಲ್ಲಿತ್ತು!

ಚಳ್ಳಕೆರೆಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಮೇಷ್ಟ್ರು. ಪಾಠ ಮಾಡಿಕೊಂಡು ತೆಪ್ಪಗಿರಬಹುದಿತ್ತು. ಆದರೆ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯ್ದು ಮಾರುವ ನನ್ನ ಬಾಮೈದ ಸೀನನ ಅಂಗಡಿಯನ್ನು ಉದ್ಧಾರ ಮಾಡುವ ಹೊಣೆ ನನ್ನದೇ ಎಂದು ನನಗನ್ನಿಸಿತು. ಯಾರೂ ಕೇಳಿರಲಿಲ್ಲ!

ಸೀರೆಗಳನ್ನೆಲ್ಲ ಡೇಟಾಬೇಸಿಗೆ ಸೇರಿಸಿದೆ. ಬಣ್ಣ, ಅಂಚು ಹೇಳಿದರೆ ಸಾಕು, ಇದೆಯೋ ಇಲ್ಲವೋ ಎಂದು ಹುಡುಕಿ ಹೇಳುತ್ತಿತ್ತು. ಆದರೆ ಸೀನನ ಹಳೇ ಕಂಪ್ಯೂಟರು ಹುಡುಕಿ ಮುಗಿಸುವಷ್ಟರಲ್ಲಿ ಗಿರಾಕಿ ಟೀ ಕುಡಿದು ಬರಬಹುದಿತ್ತು. ಆಗ ನನಗೊಂದು ಮಹಾ ಉಪಾಯ ಹೊಳೆಯಿತು. ಒಮ್ಮೆ ಕೊಟ್ಟ ಉತ್ತರವನ್ನು ಅದು ನೆನಪಿಟ್ಟುಕೊಳ್ಳಲಿ. ಮತ್ತೆ ಅದೇ ಪ್ರಶ್ನೆ ಬಂದರೆ ಹುಡುಕದೆ ಹಳೆಯ ಉತ್ತರವನ್ನೇ ಒಪ್ಪಿಸಲಿ! ಡೇಟಾಬೇಸ್ ಮಾಡಿದವರು ಈ ಸೌಲಭ್ಯವನ್ನು ಮೊದಲು ಕೊಟ್ಟು, ಆಮೇಲೆ ಕಿತ್ತುಹಾಕಿದ್ದರು. ಸೋಮಾರಿಗಳು ಎಂದು ಬೈದು ನಾನೇ ಬರೆದು ಸೇರಿಸಿದೆ.

ಒಂದೇ ತೊಡಕು. ಒಂದು ಸೀರೆ ಮಾರಿದರೂ ಹಳೆಯ ಉತ್ತರ ಸುಳ್ಳಾಗುವುದರಿಂದ, ನೆನಪಿನಲ್ಲಿದ್ದ ಉತ್ತರಗಳನ್ನೆಲ್ಲ ಅಳಿಸಬೇಕಿತ್ತು. ಹುಡುಕುವುದಕ್ಕಿಂತ ಅಳಿಸುವುದೇ ದೊಡ್ಡ ಕೆಲಸವಾಯಿತು. ಕೂಲಂಕಷವಾಗಿ ಪರಾಮರ್ಶಿಸಿ, ಅಳಿಸುವ ಕಾರ್ಯಕ್ರಮವನ್ನು ಸೋಮವಾರಕ್ಕೆ ಮಾತ್ರ ಸೀಮಿತಗೊಳಿಸಿದೆ. ಆಮೇಲೆ ನೋಡಬೇಕಿತ್ತು, ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿತ್ತು!

ಅಷ್ಟರಲ್ಲಿ ಪಕ್ಕದ ಮನೆ ಗೌರಮ್ಮನವರ ಮಗಳು ಕಾವ್ಯಳ ಮದುವೆ ಬಂತು. ಮುಹೂರ್ತಕ್ಕೆ ನವಿಲಂಚಿನ ಹಸಿರು ಸೀರೆಯೇ ಬೇಕೆಂದು ಹುಡುಗಿಯ ಆಸೆ. ಮಂಗಳವಾರ ಮೊಬೈಲಿನಲ್ಲೇ ಅಂಗಡಿಯ ಡೇಟಾಬೇಸ್ ನೋಡಿ, "ಒಂದೈತೆ" ಎಂದಿದ್ದೆ. ಮದುವೆಗೆ ಐದು ದಿನ ಉಳಿದಾಗ, ಶುಕ್ರವಾರ, ತಾಯಿ ಮಗಳನ್ನು ಕರೆದುಕೊಂಡು ತರಲು ಹೊರಟೆವು. ಮತ್ತೆ ನೋಡಿದೆ. ಒಂದಿತ್ತು!

"ಎದಕ್ಕೂ ಸೀನಂಗೆ ಒಂದ್ ಫೋನ್ ಮಾಡ್ರೀ," ಎಂದಳು ನನ್ನ ಹೆಂಡತಿ ಸರೋಜ. ಮಾಡಿದೆ.

"ಅದು ಹೋದಂಗೈತೆ ಬಾವಾ. ಇರ್ರಿ, ನೋಡಿ ಹೇಳ್ತೀನಿ."

"ಲೇ, ನಿನ್ ನೆನಪಿಗಿಂತ ಮಷೀನ್ ನೆನಪು ಗಟ್ಟಿ ಕಣೋ!" ಎಂದು ಫೋನಿಟ್ಟೆ.

ಅಂಗಡಿಗೆ ಹೋಗಿ ಕೂತದ್ದೇ ಸೀನ ಇಲ್ಲವೆಂದು ಕೈಯಾಡಿಸಿದ. "ಲೇದು ಬಾವಾ! ಬುಧವಾರನೇ ಹೋಯ್ತು."

"ಇಲ್ಲೈತಲ್ಲೋ!" ಎಂದು ಮೊಬೈಲ್ ಅವನ ಮೂಗಿಗೆ ಹಿಡಿದೆ. ಅಷ್ಟಕ್ಕೇ ಬಿಡಲಿಲ್ಲ. ಬೀರುಗಳನ್ನೆಲ್ಲ ತೆಗೆಸಿ, ಮಡಿಕೆ ಬಿಚ್ಚಿಸಿ, ಅಂಗಡಿ ತುಂಬ ಸೀರೆ ಹರಡಿಸಿದೆ. ಹಸಿರು ನವಿಲು ಮಾತ್ರ ಸಿಗಲಿಲ್ಲ. ಸೀನ ಬೆವರೊರೆಸಿಕೊಂಡು, "ಮೊಬೈಲ್‌ನಾಗೆ ಇರೋದನ್ನೇ ಉಡಿಸಿ ಕಳಿಸ್ಲಾ ಬಾವಾ?" ಎಂದ.

"ಇನ್ನೊಂದು ನೇಯ್ಕೊಡಕಾಗಲ್ವೇನಪ್ಪಾ?" ಗೌರಮ್ಮ ಕೇಳಿದರು.

"ಐದ್ ದಿನದಾಗೆ ಆಗಲ್ಲವ್ವಾ."

ಕಾವ್ಯಳ ಕಣ್ಣು ತುಂಬಿತು. ಯಾರ ಮುಖವನ್ನೂ ನೋಡದೆ ಒಂದು ಕುಂಕುಮ ಬಣ್ಣದ ಸೀರೆ ಎತ್ತಿಕೊಂಡಳು. ಅಯ್ಯೋ, ಆ ಹೊತ್ತಿಗೆ ಭೂಮಿ ಬಾಯಿಬಿಟ್ಟಿದ್ದರೆ ಖಂಡಿತ ಇಳಿದುಬಿಡುತ್ತಿದ್ದೆ. ಆ ಸೌಲಭ್ಯವನ್ನು ಕಿತ್ತವರು ಸೋಮಾರಿಗಳಲ್ಲ ಎಂದು ಬಸ್ಸಿನಲ್ಲಿ ಕೂತಾಗ ಅರ್ಥವಾಯಿತು. ಮೊಬೈಲು ತೋರಿಸಿದ್ದು ಮಂಗಳವಾರದ ಉತ್ತರ ಎಂದು ಗೌರಮ್ಮನವರ ಮುಂದೆ ಒಪ್ಪಿಕೊಂಡೆ.

ಮದುವೆಯ ದಿನ ಊಟಕ್ಕೆ ಕೂರಲು ಮುಖವಿಲ್ಲದೆ ಛತ್ರದ ಕಂಬದ ಹಿಂದೆ ನಿಂತಿದ್ದೆ. ಗೌರಮ್ಮನವರ ಕಣ್ಣಿಗೆ ಬಿದ್ದೆ.

"ಊಟ ಆಯ್ತೇನ್ರೀ ಮೇಷ್ಟ್ರೇ?"

"ಆಯ್ತು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದು ಇವತ್ತಿನ ಉತ್ತರನಾ, ಮಂಗಳವಾರದ್ದಾ?"

ಹೋಗಿ ಎಲೆಯ ಮುಂದೆ ಕುಳಿತೆ.