ಪೆಟ್ಟಿಗೆಯ ಮೇಲಿನ ಗ್ಲಾಸಿನ ಚಿತ್ರ

ಮೀಸೆ ಬಂದ ಗಂಡಸು ಗೊಂಬೆ ಕೂಡಿಡುತ್ತಾನೆ ಎಂಬುದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಮಾತಲ್ಲ. ಎಲೆ ಅಡಿಕೆಯ ಚಟದವನು ಎಲ್ಲರೆದುರಿಗೇ ಚಂಚಿ ಬಿಚ್ಚುತ್ತಾನೆ. ಇಸ್ಪೀಟಿನವನಿಗೆ ಜೊತೆಗೆ ಮೂವರಾದರೂ ಇದ್ದೇ ಇರುತ್ತಾರೆ. ನಶ್ಯದವನಂತೂ ಸೀನಿ ಸೀನಿ ತನ್ನ ಗುಟ್ಟನ್ನು ತಾನೇ ಓಣಿಗೆಲ್ಲ ಸಾರುತ್ತಾನೆ. ನನ್ನ ಚಟಕ್ಕೆ ಜೊತೆಗಾರರೂ ಇರಲಿಲ್ಲ, ಅದನ್ನು ಕರೆಯಲು ಒಂದು ಹೆಸರೂ ಇರಲಿಲ್ಲ. ಒಳಕೋಣೆಯ ಕಪಾಟಿನಲ್ಲಿ ಬೀಗ ಹಾಕಿಟ್ಟು, ಸೋಮವಾರ ಪೂಜೆ ಮುಗಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು, ಒಂದೊಂದನ್ನೇ ಹೊರಗೆ ತೆಗೆದು ನೋಡಿ ಮತ್ತೆ ಒಳಗಿಡುವುದು, ಇಷ್ಟೇ ನನ್ನ ಚಟ. ಇದನ್ನು ಬಲ್ಲವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ ಗಂಗವ್ವ, ಇನ್ನೊಬ್ಬಳು ತಂಗಿ ನೀಲವ್ವ. ಅಪ್ಪ ಅವ್ವ ತೀರಿಕೊಂಡ ಮೇಲೆ ನೀಲವ್ವ ನಮ್ಮ ಜೊತೆಗೇ ದಾಂಡೇಲಿಯಲ್ಲಿದ್ದಳು.

ನಾನು ಆಗ ಕಟ್ಟಿಗೆ ಡಿಪೋದಲ್ಲಿ ಕಾರಕೂನ. ದಿನವಿಡೀ ಸಾಗವಾನಿ ದಿಮ್ಮಿಗಳಿಗೆ ನಂಬರು ಹಾಕಿಸುವುದು ನನ್ನ ಕೆಲಸ. ದಿಮ್ಮಿ ಬಿದ್ದರೆ ದಿಮ್ಮಿಗೆ ಏನೂ ಆಗುವುದಿಲ್ಲ, ಆಗುವುದೆಲ್ಲ ಅದರ ಕೆಳಗಿದ್ದವರಿಗೆ. ಅಂಥವುಗಳ ನಡುವೆ ಬದುಕಿದ್ದಕ್ಕೇ ಇರಬೇಕು, ಜೋರಾಗಿ ಉಸಿರು ಬಿಟ್ಟರೂ ಒಡೆದೀತು ಎನ್ನುವ ವಸ್ತುಗಳ ಮೇಲೆ ನನಗೆ ಮೋಹ ಹುಟ್ಟಿದ್ದು. ಜಂಗಲ್ ಖಾತೆಯ ಒಬ್ಬ ಸಾಹೇಬ ವರ್ಗವಾಗಿ ಹೋಗುವಾಗ ಮನೆಯ ಸಾಮಾನನ್ನೆಲ್ಲ ಪಡಸಾಲೆಯಲ್ಲಿಟ್ಟು ಮಾರಿದ. ಬುದ್ಧಿವಂತರು ಕುರ್ಚಿ, ಕಂದೀಲು ಹೊತ್ತುಕೊಂಡು ಹೋದರು. ನಾನು ತಂದದ್ದು ಬೆರಳುದ್ದದ ಒಂದು ಪಿಂಗಾಣಿ ಹುಡುಗಿಯನ್ನು. ಕೈಯಲ್ಲಿ ಬುಟ್ಟಿ, ಕೆನ್ನೆಯ ಮೇಲೆ ತೆಳು ಕೆಂಪು, ಕಣ್ಣಿನ ಮೇಲೆ ಕೂದಲೆಳೆಯಷ್ಟು ಸಣ್ಣ ಹುಬ್ಬು. ಅಡಿಯಲ್ಲಿ ಜರ್ಮನಿ ದೇಶದ ಹೆಸರಿತ್ತು. ಆ ಹುಬ್ಬನ್ನು ನೋಡುತ್ತ ಕುಳಿತರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಇದನ್ನು ಬರೆದವರು ಯಾರು? ಗಂಡಸೋ ಹೆಂಗಸೋ? ಬರೆಯುವ ಹೊತ್ತಿಗೆ ಸೀನು ಬಂದಿದ್ದರೆ ಏನು ಮಾಡುತ್ತಿದ್ದರು? ತಾವು ಬರೆದ ಹುಬ್ಬು ದಾಂಡೇಲಿಯಲ್ಲಿ ಒಬ್ಬ ಕಾರಕೂನನ ನಿದ್ದೆ ಕೆಡಿಸೀತು ಎಂದು ಅವರಿಗೆ ಎಂದಾದರೂ ಅನ್ನಿಸಿದ್ದೀತೇ?

ಮುಂದೆ ಮುಂಬಯಿಯ ಒಂದು ಅಂಗಡಿಯ ವಿಳಾಸ ಸಿಕ್ಕಿತು. ತಮಟೆ ಬಡಿಯುವ ಮಂಗ, ಕೊಡೆ ಹಿಡಿದ ಬೆಕ್ಕು, ಕನ್ನಡಕ ಹಾಕಿಕೊಂಡು ಪೇಪರು ಓದುವ ಡೊಳ್ಳುಹೊಟ್ಟೆಯ ಮನುಷ್ಯ, ಹೀಗೆ ಒಂದೊಂದಾಗಿ ತರಿಸತೊಡಗಿದೆ. ಅಂಗಡಿಯಿಂದ ಹೊರಡುವಾಗ ಇವಕ್ಕೆಲ್ಲ ಕೈಕಾಲು ಸರಿಯಾಗಿಯೇ ಇರುತ್ತಿದ್ದವಂತೆ. ಅಳ್ನಾವರದಲ್ಲಿ ಪೆಟ್ಟಿಗೆಗಳು ದೊಡ್ಡ ರೈಲಿನಿಂದಿಳಿದು ನಮ್ಮ ಕಟ್ಟಿಗೆ ಸಾಗಿಸುವ ಸಣ್ಣ ರೈಲನ್ನು ಹತ್ತಬೇಕು. ಆ ರೈಲು ಅಡವಿಯ ನಡುವೆ ನೀರಿಗೊಮ್ಮೆ, ಎಮ್ಮೆಗೊಮ್ಮೆ, ಸುಮ್ಮನೆ ಒಮ್ಮೆ ನಿಂತು, ನಿಂತಾಗಲೆಲ್ಲ ಬೆನ್ನುಮೂಳೆ ಮುರಿಯುವಂತೆ ಜಗ್ಗಿ, ಕೊನೆಗೆ ದಾಂಡೇಲಿ ಮುಟ್ಟುತ್ತಿತ್ತು. ಮಂಗ ಬಂತು, ತಮಟೆ ಬೇರೆ ಬಂತು. ಪೇಪರು ಓದುವವನ ತಲೆ ಹುಲ್ಲಿನ ತಳದಲ್ಲಿ ಸಿಕ್ಕಿತು, ಪಾಪ, ಕನ್ನಡಕ ಹಾಗೇ ಇತ್ತು. ತತ್ತಿಯ ಬಿಳಿ ಲೋಳೆಗೆ ಸುಣ್ಣ ಕಲಸಿ ಹಚ್ಚಿದರೆ ಪಿಂಗಾಣಿ ಕಚ್ಚಿಕೊಳ್ಳುತ್ತದೆ ಎಂದು ಯಾರೋ ಹೇಳಿದರು. ಲಿಂಗ ಕಟ್ಟಿದವರ ಮನೆಯಲ್ಲಿ ತತ್ತಿಯ ಮಾತೆತ್ತುವುದು ಹೇಗೆ? ಆದರೂ ಎತ್ತಿ ನೋಡಿದೆ. "ಮನಿಯಾಗ ತತ್ತಿ ಬಂದ ದಿನಾ ನಾ ತವರಮನಿಗೆ ಹೊಂಟೇನಂತ ತಿಳೀರಿ," ಎಂದಳು ಗಂಗವ್ವ. ಹಾಗಾಗಿ ಅಡವಿಯ ಮರದ ಅಂಟೇ ಗತಿಯಾಯಿತು. ಬೇಸಿಗೆಯಲ್ಲಿ ಅದು ಗಟ್ಟಿಯಾಗಿ ಹಿಡಿಯುತ್ತಿತ್ತು. ಮಳೆಗಾಲ ಹಿಡಿಯಿತೆಂದರೆ ಕಪಾಟಿನೊಳಗೆ ತಲೆಗಳು ಒಂದೊಂದಾಗಿ ಟಕ್ ಎಂದು ಉದುರುವ ಸದ್ದು ಅಡುಗೆಮನೆಗೂ ಕೇಳಿಸುತ್ತಿತ್ತು.

ಅಂಗಡಿಗೆ ಕಾಗದ ಬರೆದೆ. ಅವರು ಪೆಟ್ಟಿಗೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಒಡೆಯುವ ಸಾಮಾನು, ಜೋಪಾನ ಎಂದು ಬರೆಸಿ ಕಳಿಸಿದರು. ಓದುವವರು ಯಾರು? ನಮ್ಮ ಸ್ಟೇಶನ್ನಿನಲ್ಲಿ ಒಬ್ಬನಿಗೆ ಕನ್ನಡ ಬಂದರೆ ಇನ್ನೊಬ್ಬನಿಗೆ ಮರಾಠಿ, ಮತ್ತೊಬ್ಬನಿಗೆ ಉರ್ದು. ಸೂಪಾ ಕಡೆಯಿಂದ ಬಂದವರಿಗೆ ಕೊಂಕಣಿ ಮಾತ್ರ. ಹಮಾಲ ಬಾಳಪ್ಪನಿಗೆ ಯಾವ ಅಕ್ಷರದ ಹಂಗೂ ಇರಲಿಲ್ಲ. ಆಗ ನನ್ನ ತಲೆಗೊಂದು ಉಪಾಯ ಹೊಳೆಯಿತು. ಅಕ್ಷರ ಬಾರದವನಿಗೂ ಚಿತ್ರ ತಿಳಿಯುತ್ತದಲ್ಲ! ಪೆಟ್ಟಿಗೆಯ ನಾಲ್ಕೂ ಬದಿಗೆ ಒಂದೊಂದು ಗಾಜಿನ ಗ್ಲಾಸಿನ ಚಿತ್ರ ಬರೆಸಿ ಎಂದು ಅಂಗಡಿಯವರಿಗೆ ಬರೆದೆ. ಗಾಜು ಕಂಡರೆ ಯಾರಾದರೂ ಮೆಲ್ಲಗೆ ಹಿಡಿಯುತ್ತಾರೆ ಎಂಬುದು ನನ್ನ ಲೆಕ್ಕ. ಅವರು ನನಗಿಂತ ಹುರುಪಿನವರು. ಕೆಂಪು ಬಣ್ಣದಲ್ಲಿ, ಸಾಹೇಬರ ಮೇಜಿನ ಮೇಲಿರುತ್ತದಲ್ಲ ಅಂಥ ಸಣ್ಣ ಕಾಲಿನ ಗ್ಲಾಸುಗಳನ್ನು ಅಂದವಾಗಿ ಬರೆಸಿದರು. ಆ ಪೆಟ್ಟಿಗೆ ಮನೆಗೆ ಬಂದಾಗ ಒಳಗೆ ತಲೆಯೂ ಇರಲಿಲ್ಲ, ಕಾಲೂ ಇರಲಿಲ್ಲ. ಎಲ್ಲ ರವೆಯಾಗಿತ್ತು. ಮುಂದಿನದೂ ಹಾಗೆಯೇ. ಚಿತ್ರವಿಲ್ಲದಾಗ ಮುರಿಯುತ್ತಿದ್ದದ್ದು ಚಿತ್ರ ಬಂದ ಮೇಲೆ ಪುಡಿಯಾಗುವುದೇಕೆ? ನನಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಯಿತು. ಡಿಪೋದಲ್ಲಿ ದಿಮ್ಮಿಗಳಿಗೆ ಒಂದೇ ನಂಬರನ್ನು ಎರಡೆರಡು ಸಲ ಹಾಕಿಸಿ ಬೈಸಿಕೊಂಡೆ.

ಇದೇ ಹೊತ್ತಿಗೆ ನೀಲವ್ವನ ಸಂಬಂಧದ ಮಾತು ನಡೆದಿತ್ತು. ಮುಂಡಗೋಡದ ಹತ್ತಿರ ಸನವಳ್ಳಿಯ ಚನ್ನಬಸಪ್ಪನವರ ಮಗ. ಒಕ್ಕಲುತನದ ಜೊತೆಗೆ ಕಾಳುಕಡಿಯ ವ್ಯಾಪಾರವೂ ಇದ್ದ ದೈವಭಕ್ತರ ಮನೆ. ಮುಂಡಗೋಡದ ನಮ್ಮ ಅತ್ತೆಯ ಮನೆಯಲ್ಲಿ ನೀಲವ್ವ ಆ ಹುಡುಗನನ್ನು ಒಮ್ಮೆ ನೋಡಿದ್ದಳು. ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಅಂದಿನಿಂದ ಬೀಸುವಾಗ ಅವಳ ಹಾಡು ಹಿತ್ತಿಲಿಗೂ ಕೇಳುವಷ್ಟು ಜೋರಾಗಿತ್ತು. ನಡುವೆ ನಿಂತು ಮಾತಾಡುತ್ತಿದ್ದವರು ಹಳಿಯಾಳದ ಗದಿಗೆಯ್ಯನವರು. ಅವರು ಒಂದು ದಿನ ಬಂದು, ಕೊಟ್ಟ ನೀರನ್ನೂ ಕುಡಿಯದೆ, ಗಂಟಲು ಸರಿಮಾಡಿಕೊಂಡರು.

"ಸನವಳ್ಳಿಯವರು ಹಿಂದ ಸರಿದಾರ. ಮನಿ ಯಜಮಾನರಿಗೆ ಏನೋ ಚಟಾ ಐತಿ ಅಂತ ಸುದ್ದಿ ಹೋಗೈತಿ. ಖರೇ ಏನು?"

ಗೊಂಬೆಯ ಗುಟ್ಟು ಹೊರಗೆ ಬಿತ್ತು! ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ವಾರಕ್ಕೊಮ್ಮೆ ಅಷ್ಟರೀ ಅಯ್ನೋರ. ಅದೂ ಪೂಜಿ ಮುಗಿದ ಮ್ಯಾಲ, ಬಾಗಲಾ ಹಾಕ್ಕೊಂಡು," ಎಂದೆ.

"ಪೂಜಿ ಮುಗಿದ ಮ್ಯಾಲ!" ಅವರು ಕಿವಿಯ ಮೇಲೆ ಕೈಯಿಟ್ಟುಕೊಂಡರು. "ಹೆಂಡ್ತಿಗೆ ಗೊತ್ತೈತೇನು?"

"ಗೊತ್ತೈತ್ರಿ. ಒಮ್ಮೊಮ್ಮೆ ನೀಲಾನೂ ಜೋಡಿ ಕೂಡತಾಳ್ರಿ. ಅಕಿಗೂ ಭಾಳ ಸೇರತೈತಿ."

"ಶಿವ ಶಿವಾ!" ಎಂದವರೇ ಗದಿಗೆಯ್ಯನವರು ಕೊಡೆ ಎತ್ತಿಕೊಂಡು ಹೊರಟೇಬಿಟ್ಟರು. ಗೊಂಬೆ ನೋಡಿದ್ದಕ್ಕೆ ಶಿವನನ್ನು ಎರಡು ಸಲ ಕರೆಯುವಷ್ಟು ಏನಾಯಿತೆಂದು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಬೀಸುವ ಕಲ್ಲಿನ ಸದ್ದೂ ನಿಂತಿತ್ತು. ಅಂದಿನಿಂದ ನೀಲವ್ವ ಹಾಡಲಿಲ್ಲ. ಏನಾಯಿತೆಂದು ಕೇಳಲೂ ಇಲ್ಲ. ಕೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಎದುರಿಗೆ ಬಂದು ಸುಮ್ಮನೆ ಊಟಕ್ಕೆ ಬಡಿಸಿ ಹೋಗುತ್ತಿದ್ದಳು.

ಹಿಂದೆಯೇ ಹೇಳಿಕಳಿಸಿದ್ದ ಇನ್ನೊಂದು ಪೆಟ್ಟಿಗೆ ಬರುವುದಿತ್ತು. ಈ ಸಲ ನಾನೇ ಸ್ಟೇಶನ್ನಿಗೆ ಹೋದೆ. ಅಣಶಿ ಕಡೆಯಿಂದ ಬಂದ ಜೇನಿನ ಡಬ್ಬಿಗಳ ರಾಶಿಯ ಹಿಂದೆ ಯಾರಿಗೂ ಕಾಣದಂತೆ ನಿಂತುಕೊಂಡೆ. ರೈಲು ಬಂತು. ಗಾರ್ಡು ನನ್ನ ಪೆಟ್ಟಿಗೆಯನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಎರಡು ಸಲ ಅಲ್ಲಾಡಿಸಿ ಕೆಳಗೆ ಕೊಟ್ಟ. ಪಾರ್ಸಲ್ಲಿನವನು ಅದನ್ನು ತಲೆಕೆಳಗು ಮಾಡಿ, ಮೂಲೆಯನ್ನು ಮೂಸಿ, ಗೋಣು ಅಲ್ಲಾಡಿಸಿ ಬಾಳಪ್ಪನಿಗೆ ದಾಟಿಸಿದ. ಬಾಳಪ್ಪ ಕೆಲಸದಲ್ಲಿ ನಿಷ್ಠೆಯುಳ್ಳವನು. ಎರಡೂ ಕೈಯಲ್ಲಿ ಹಿಡಿದು, ತೆಂಗಿನಕಾಯಿಯಲ್ಲಿ ನೀರಿದೆಯೋ ಇಲ್ಲವೋ ಎಂದು ನೋಡುವವನಂತೆ ಕಣ್ಣು ಮುಚ್ಚಿ, ಮೈಯೆಲ್ಲ ಕುಲುಕುವಂತೆ ಅಲ್ಲಾಡಿಸಿದ.

"ಗುಳುಗುಳು ಅನ್ನವೊಲ್ದು. ಬರೇ ಖಳಖಳ ಅಂತೈತಿ," ಎಂದ.

"ಬೂಚು ಗಟ್ಟಿ ಹಾಕಿರಬೇಕು. ಇನ್ನಷ್ಟು ಜೋರ ಅಲ್ಲಾಡ್ಸು," ಎಂದ ಪಾರ್ಸಲ್ಲಿನವನು.

ನಾನು ಡಬ್ಬಿಗಳ ಹಿಂದಿನಿಂದ ಹೊರಗೆ ಹಾರಿದೆ. "ಏ ಬಾಳಪ್ಪಾ! ಏನ್ ಮಾಡಾಕತ್ತಿ?"

ಬಾಳಪ್ಪ ಒಂದಿಷ್ಟೂ ಗಾಬರಿಯಾಗಲಿಲ್ಲ. "ತುಂಬೈತೋ ಇಲ್ಲೋ ನೋಡಾಕತ್ತೇನ್ರಿ ಕಾರಕೂನ್ರ. ಹಾದ್ಯಾಗ ಯಾರರ ಕುಡುದು ಕಮ್ಮಿ ಮಾಡಿದ್ರ ನಾಳೆ ನನ್ನ ಮ್ಯಾಲ ಬರತೈತಿ."

"ಕುಡುದು? ಏನ ಕುಡುದು?"

ಅವನು ಕೆಂಪು ಗ್ಲಾಸಿನ ಮೇಲೆ ಬೆರಳಿಟ್ಟ. "ನಮಗೇನು ಕಣ್ಣಿಲ್ಲೇನ್ರಿ? ನಾಕೂ ಕಡೆ ಗ್ಲಾಸ ಬರದು ಕಳಿಸ್ಯಾರ. ಗೋವಾದ ಮಾಲು ಇಷ್ಟು ಹತ್ರ ಸಿಗತೈತಿ, ಇವರು ಮುಂಬೈಯಿಂದ ಯಾಕ ತರಸ್ತಾರ ಅಂತ ನಮಗೂ ವಿಚಾರ ಬಂತು. ದೊಡ್ಡವರ ನಾಲಿಗಿ ರುಚಿ ಬ್ಯಾರೆ ಇರತೈತಿ ಬಿಡ್ರಿ. ನಾವು ಯಾರಿಗೂ ಹೇಳೂದಿಲ್ಲ."

"ಯಾರಿಗೂ ಹೇಳಿಲ್ಲಲ್ಲ?"

"ಸನವಳ್ಳಿ ಯಜಮಾನ್ರಿಗೆ ಅಷ್ಟ ಹೇಳೇನ್ರಿ. ಗಾಡಿ ಕಟ್ಟಿಗಿ ಒಯ್ಯಾಕ ಬಂದಿದ್ರು. ಕಾರಕೂನ್ರ ಮನಿ ಹೆಂಗ ಅಂತ ಕೇಳಿದ್ರು. ಮನಿ ಭಾಳ ಚಲೋರಿ, ಕುಡಿಯೂದೂ ಮುಂಬೈದ ಕುಡಿತಾರ ಅಂತ ಹೊಗಳಿದೆ."

ಗದಿಗೆಯ್ಯನವರಿಗೆ ನಾನು ಕೊಟ್ಟ ಉತ್ತರಗಳೆಲ್ಲ ಒಂದೊಂದಾಗಿ ನೆನಪಾದವು. ವಾರಕ್ಕೊಮ್ಮೆ. ಪೂಜೆ ಮುಗಿದ ಮೇಲೆ. ತಂಗಿಯೂ ಜೋಡಿ ಕೂಡುತ್ತಾಳೆ. ಅಕಿಗೂ ಭಾಳ ಸೇರತೈತಿ! ನಾನು ಪೆಟ್ಟಿಗೆಯನ್ನು ಬಾಳಪ್ಪನಿಂದ ಕಸಿದುಕೊಂಡು, ಗ್ಲಾಸಿನ ಚಿತ್ರಗಳನ್ನು ಧೋತರದ ಚುಂಗಿನಲ್ಲಿ ಆದಷ್ಟು ಮುಚ್ಚಿಕೊಂಡು, ಅಡ್ಡದಾರಿ ಹಿಡಿದು ಮನೆಗೆ ಬಂದೆ.

ಈಗ ನನ್ನೆದುರಿಗಿದ್ದದ್ದು ಎರಡೇ ದಾರಿ. ಸುಮ್ಮನಿದ್ದರೆ ಕುಡುಕ, ಕಪಾಟು ತೆರೆದು ತೋರಿಸಿದರೆ ಗೊಂಬೆ ಆಡುವವನು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಬಹಳ ಹೊತ್ತು ಯೋಚಿಸಿದೆ. ಊರಲ್ಲಿ ಕುಡಿಯುವ ದೊಡ್ಡ ಮನುಷ್ಯರು ಬೇಕಾದಷ್ಟು ಜನರಿದ್ದರು, ಅವರಿಗೆಲ್ಲ ಮರ್ಯಾದೆಯೂ ಇತ್ತು. ಗೊಂಬೆ ಆಡುವ ದೊಡ್ಡ ಮನುಷ್ಯ ಒಬ್ಬನೂ ಇರಲಿಲ್ಲ. ಗಂಗವ್ವ ಮಾತ್ರ ಯೋಚಿಸಲಿಲ್ಲ. "ಕುಡುಕ ಅನಿಸ್ಕೊಂಡ್ರ ನೀಲಾ ಮನಿಯಾಗ ಉಳೀತಾಳ. ಗೊಂಬಿ ಆಡಾವ ಅನಿಸ್ಕೊಂಡ್ರ ನೀವೊಬ್ಬರ ನಗಿಪಾಟಲಾಗ್ತೀರಿ. ಇದರಾಗ ವಿಚಾರ ಮಾಡೂದು ಏನೈತಿ?" ಎಂದಳು. ಗದಿಗೆಯ್ಯನವರ ಕಾಲು ಹಿಡಿದು, ಸಂಗತಿ ಹೀಗೆಂದು ತಿಳಿಸಿ, ಚನ್ನಬಸಪ್ಪನವರು ಒಮ್ಮೆ ಬಂದು ಕಣ್ಣಾರೆ ನೋಡಲಿ ಎಂದು ಹೇಳಿಕಳಿಸಿದೆ.

ಅವರು ಬಂದರು. ದೊಡ್ಡ ರುಮಾಲು, ಹಣೆತುಂಬ ವಿಭೂತಿ, ಬೇಕಾದಷ್ಟೇ ಮಾತು. ಕೊಟ್ಟ ಚಹಾವನ್ನು ಮೊದಲು ಮೂಸಿ ನೋಡಿ ಆಮೇಲೆ ಕುಡಿದರು. ನಾನು ಇನ್ನೂ ಬಿಚ್ಚದಿದ್ದ ಪೆಟ್ಟಿಗೆಯನ್ನು ತಂದು ಅವರ ಮುಂದಿಟ್ಟೆ. ಅವರು ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಅವರು ಮುಚ್ಚಳ ತೆಗೆದು ಮೊಣಕೈತನಕ ಹುಲ್ಲಿನೊಳಗೆ ಕೈಯಿಳಿಸಿ, ಬಾಟ್ಲಿಗಾಗಿ ಹುಡುಕಿ ಹುಡುಕಿ ಕೊನೆಗೆ ಹೊರಗೆ ತೆಗೆದದ್ದು ಒಂದು ಪಿಂಗಾಣಿ ನಾಯಿಯ ಬಾಲ. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಾನು ಅವರನ್ನು ಒಳಕೋಣೆಗೆ ಕರೆದೊಯ್ದು ಕಪಾಟಿನ ಬೀಗ ತೆಗೆದೆ. ಬುಟ್ಟಿಯ ಹುಡುಗಿ, ತಮಟೆಯಿಲ್ಲದ ಮಂಗ, ಎರಡು ಸಲ ತಲೆ ಅಂಟಿಸಿಕೊಂಡ ಪೇಪರಿನ ಮನುಷ್ಯ, ಎಲ್ಲರೂ ಅವರನ್ನೇ ನೋಡುತ್ತ ನಿಂತಿದ್ದರು.

"ಇವನ್ನ ಮಾರ್ತೀರೇನು?" ಎಂದು ಕೇಳಿದರು ಚನ್ನಬಸಪ್ಪನವರು.

"ಇಲ್ಲರಿ."

"ಪೂಜಿ ಮಾಡ್ತೀರೇನು?"

"ಛೇ ಛೇ, ಇಲ್ಲರಿ."

"ಮನಿಯಾಗ ಸಣ್ಣ ಹುಡುಗ್ರು ಅದಾವೇನು ಆಡಾಕ?"

"ಇದ್ರೂ ಮುಟ್ಟಗೊಡೂದಿಲ್ರಿ."

"ಮತ್ತ ಏನ್ ಮಾಡ್ತೀರಿ?"

"ನೋಡ್ತೇನ್ರಿ."

"ನೋಡ್ತೀರಿ." ಅವರು ಆ ಮಾತನ್ನು ಮೆಲ್ಲಗೆ ಇನ್ನೊಮ್ಮೆ ಹೇಳಿದರು. ಬಾಗಿಲ ಹತ್ತಿರ ನಿಂತಿದ್ದ ನೀಲವ್ವನ ಕಡೆಗೆ ತಿರುಗಿ, "ತಲಿ ಅಂಟಸಾವ್ರು ಯಾರವ್ವಾ?" ಎಂದರು. "ನಾನರಿ. ಅಣ್ಣನ ಕೈ ನಡಗತೈತ್ರಿ," ಎಂದಳು ಅವಳು. ಚನ್ನಬಸಪ್ಪನವರು ನನ್ನನ್ನೂ ಅವಳನ್ನೂ ಒಂದೊಂದು ಸಲ ನೋಡಿ, ಬಾಲವನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟು, ಬರ್ತೇವಿ ಎಂದು ಹೇಳಿ ಎದ್ದು ಹೋದರು.

ಮುಂದಿನ ವಾರವೇ ಗದಿಗೆಯ್ಯನವರು ನಗುತ್ತ ಬಂದರು. ಸಂಬಂಧ ಗಟ್ಟಿಯಾಗಿತ್ತು. ನನಗೆ ಹಿಗ್ಗು ಮೈಯಲ್ಲಿ ಹಿಡಿಸಲಿಲ್ಲ. ನೀಲವ್ವನಿಗಾಗಿ ಹಿಗ್ಗು ಸರಿಯೇ, ಜೊತೆಗೆ ನನ್ನ ಗೊಂಬೆಗಳಿಗಾಗಿಯೂ ಇತ್ತು. ಸನವಳ್ಳಿಯ ಅಂಥ ಗಟ್ಟಿ ಮನುಷ್ಯರೂ ಆ ಹುಬ್ಬನ್ನು ಕಂಡು ಮನಸೋತರಲ್ಲ! "ಏನಂದ್ರು ಅಯ್ನೋರ? ಭಾಳ ಮೆಚ್ಚಿದ್ರೇನು?" ಎಂದು ಕೇಳಿದೆ.

"ಮೆಚ್ಚಿದ್ರು," ಎಂದರು ಅವರು. "ಇಂಥಾ ಅಣ್ಣನ್ನ ಇಷ್ಟು ವರ್ಷ ನಗನಗತಾ ಸಂಭಾಳಿಸಿದ ಹುಡಿಗಿ, ನಮ್ಮ ಮಗನ್ನ ಸಂಭಾಳಿಸೂದು ಅಕಿಗೆ ಏನ ಕಷ್ಟ ಅಂದ್ರು."

ಬೇರೆ ಯಾರಾದರೂ ಆಗಿದ್ದರೆ ಸಿಟ್ಟು ಮಾಡಿಕೊಳ್ಳುತ್ತಿದ್ದರು. ತಂಗಿಯನ್ನು ಕೊಡುವ ಅಣ್ಣ ಗಾಬರಿಯಾದರೂ ಆಗಬೇಕಿತ್ತು. ನನಗೆ ಮೊದಲು ಹುಟ್ಟಿದ್ದು ಕುತೂಹಲ. ಹಾಗಾದರೆ ಆ ಹುಡುಗನಿಗೆ ಎಂಥ ಹುಚ್ಚಿರಬಹುದು? ಎಲ್ಲಿಡುತ್ತಾನೆ? ಬೀಗ ಹಾಕುತ್ತಾನೆಯೇ? ಗದಿಗೆಯ್ಯನವರು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ಮನಸ್ಸು ತಡೆಯದೆ ನೀಲವ್ವನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಹರಳು ಆರಿಸಿ ಆಚೆ ಎಸೆದು, "ಏನರ ಇರ್ಲಿ ಬಿಡಣ್ಣಾ," ಎಂದಳು. "ಒಡಿಯೂ ಸಾಮಾನು ಅಲ್ಲದಿದ್ರ ಸಾಕು."